ಹಟ್ಟಿಯ ಚಿನ್ನ, ಬೆಂಗಳೂರಿನ ಸಂತೋಷ

ಸಾಮ್ರಾಜ್ಯ ಕಟ್ಟುವ ಆಟದಲ್ಲಿ ಮೊದಲು ಚಿನ್ನ, ಆಮೇಲೆ ವಿಜ್ಞಾನ. ಜನರ ಸಂತೋಷ ತಾನಾಗಿ ಹಿಂಬಾಲಿಸುತ್ತದೆ ಎಂದಿದ್ದಾರೆ ಕಳೆದ ಸಂಚಿಕೆಯ ಲೇಖಕರು. ಅವರು ಹೊಗಳಿದ ಆಟವೇ ಇದನ್ನು ಒಪ್ಪುವುದಿಲ್ಲ. 2010ರ ಕಂಪ್ಯೂಟರ್ ಆಟ ‘ಸಿವಿಲೈಸೇಶನ್ 5’ರಲ್ಲಿ ಸಂತೋಷ ಸೊನ್ನೆಗಿಂತ ಕೆಳಗಿಳಿದರೆ, ಖಜಾನೆ ತುಂಬಿ ತುಳುಕುತ್ತಿದ್ದರೂ ಊರುಗಳ ಬೆಳವಣಿಗೆ ಕುಂಟುತ್ತದೆ. ಜನ ಹೆಚ್ಚದಿದ್ದರೆ ವಿಜ್ಞಾನವೂ ಅಷ್ಟಕ್ಕಷ್ಟೇ.

ನನ್ನ ತಕರಾರು ಆಟದ ಮೇಲೂ ಇದೆ. ಅಲ್ಲಿ ಇಡೀ ಸಾಮ್ರಾಜ್ಯಕ್ಕೆ ಸಂತೋಷದ ಲೆಕ್ಕ ಒಂದೇ. ಆ ಲೆಕ್ಕ ಹಿಡಿದರೆ, ಬೆಂಗಳೂರಿನಲ್ಲೊಂದು ಕ್ರೀಡಾಂಗಣ ಕಟ್ಟಿದರೆ ರಾಯಚೂರು ಜಿಲ್ಲೆಯ ಅರಕೇರಾದವರ ಸಿಟ್ಟೂ ವಜಾ! ನಮಗೆ ಇದೇನು ಹೊಸದಲ್ಲ ಬಿಡಿ. ಅದೇ ಜಿಲ್ಲೆಯಲ್ಲಿ ಹಟ್ಟಿಯ ಚಿನ್ನವಿದೆ, ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಹೀಗಿದ್ದೂ 2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಅರಕೇರಾ ಆಗ ಅದರೊಳಗೇ ಇತ್ತು. ಚಿನ್ನದ ಗಣಿಯನ್ನೇ ಮಡಿಲಲ್ಲಿಟ್ಟುಕೊಂಡ ಲಿಂಗಸುಗೂರೂ ಅದೇ ಪಟ್ಟಿಯಲ್ಲಿ. ತಾನಾಗಿ ಹಿಂಬಾಲಿಸಬೇಕಿದ್ದ ಸಂತೋಷಕ್ಕೆ ಎಲ್ಲಿ ಬಸ್ ತಪ್ಪಿತೋ!

2016ರ ‘ಸಿವಿಲೈಸೇಶನ್ 6’ ಜನರ ಸೌಕರ್ಯವನ್ನು ಒಂದೊಂದು ಊರಿಗೂ ಬೇರೆ ಬೇರೆಯಾಗಿ ಎಣಿಸುತ್ತದೆ. ಲೇಖಕರು ಅದನ್ನೊಮ್ಮೆ ಆಡಲಿ, ರಾಜಧಾನಿ ಬಿಟ್ಟು ಗಡಿಯೂರಿನ ಲೆಕ್ಕ ಮೊದಲು ನೋಡಲಿ.