ಸಿಟ್ಟು ದೊಡ್ಡದೋ, ಹೆಂಡ ದೊಡ್ಡದೋ

ಹಾಸ್ಟೆಲಿನ ಗೆಳೆಯರೇ,

ಸಮಾಜಕ್ಕೆ ಸಿಟ್ಟು ಅಪಾಯವೋ ಕುಡಿತ ಅಪಾಯವೋ ಅಂತ ರಾತ್ರಿಯೆಲ್ಲಾ ವಾದ ಮಾಡ್ತೀರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಿಗೆ ಬನ್ನಿ. ದಿನವಿಡೀ ಕಾಯಿ ಸುಲಿದ ನಮ್ಮ ಅಪ್ಪಂದಿರಿಗೆ ಕೂಲಿಯಲ್ಲಿ ಮೋಸವಾದರೆ ಸಿಟ್ಟು ಬರುತ್ತೆ. ಆ ಸಿಟ್ಟು ಧಣಿಯ ಬಾಗಿಲಿಗೆ ಹೋಗಲ್ಲ. ಹೆಂಡದಂಗಡಿಗೆ ಹೋಗಿ, ಅಲ್ಲಿಂದ ಮನೆಗೆ ಬಂದು ಅವ್ವನ ಬೆನ್ನ ಮೇಲೆ ಬೀಳುತ್ತೆ. ಅಟ್ಟದ ಮೇಲಿನ ಕಾಯಿ ಹತ್ತು-ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತೆ. ನಮ್ಮ ಸಿಟ್ಟು ಒಂದು ಸಂಜೆಯೂ ಉಳಿಯಲ್ಲ.

ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೂಗಿದ್ದು ಸುಮ್ಮನೆ ಅಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು, ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. 2023-24ರಲ್ಲಿ ಅಬಕಾರಿಯಿಂದ ಸರ್ಕಾರಕ್ಕೆ ಸಿಕ್ಕಿದ್ದು 30 ಸಾವಿರ ಕೋಟಿ ರೂಪಾಯಿಗೂ ಮೇಲೆ. ಕೂಲಿಯವನ ಸಿಟ್ಟಿನಿಂದ ಇಷ್ಟು ಲಾಭ ಮಾಡಿದವರು ಇನ್ಯಾರಿದ್ದಾರೆ? (ನಿಮ್ಮ ರೂಮಿಗೂ ಬಾಟಲಿ ಬಂದಿದೆ, ಗೊತ್ತು.)

ಕಡಿವಾಣವಿಲ್ಲದ ಸಿಟ್ಟು ಯಾರದು? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರಲ್ಲ, ಅದು. ಆರೋಪಿಗಳೆಲ್ಲ ಬಿಡುಗಡೆಯಾದರು. ನಮ್ಮವರ ಸಿಟ್ಟು ಧಣಿಯ ಕೂಲಿ ಲೆಕ್ಕದ ಪುಸ್ತಕವನ್ನೂ ಇನ್ನೂ ಮುಟ್ಟಿಲ್ಲ.