ಅಪ್ಪನಿಲ್ಲದ ಗಂಡುಜೇನು

ಮನೆಯಂಗಳದಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡ ಮಲೆನಾಡಿನ ಮಕ್ಕಳಿಗೆ ಒಂದು ಗುರುತು ಗೊತ್ತಿರುತ್ತದೆ. ತುಡುವೆ ಜೇನಿನ ಎರಿಯನ್ನು ಎತ್ತಿ ಬೆಳಕಿಗೆ ಹಿಡಿದರೆ ಕೆಲವು ಕೋಣೆಗಳು ಉಳಿದವಕ್ಕಿಂತ ತುಸು ದೊಡ್ಡದಾಗಿ, ಉಬ್ಬಿದ ಮುಚ್ಚಳ ಹೊತ್ತುಕೊಂಡಿರುತ್ತವೆ. ಮುಚ್ಚಳದ ನಡುವೆ ಸೂಜಿಯಲ್ಲಿ ಚುಚ್ಚಿದಂಥ ಒಂದು ತೂತು. ಅದು ಗಂಡುಜೇನಿನ ತೊಟ್ಟಿಲು. ಒಳಗೆ ಮಲಗಿರುವ ಮರಿಗೆ ತಾಯಿ ಇದ್ದಾಳೆ, ತಾಯಿಯ ತಂದೆಯಾದ ಅಜ್ಜನೂ ಇದ್ದಾನೆ. ಅಪ್ಪ ಮಾತ್ರ ಇಲ್ಲ.

ಒಗಟಿನ ಹಾಗಿದೆಯಲ್ಲವೆ? ಆದರೆ 'ಏಕಗುಣಿತ', 'ದ್ವಿಗುಣಿತ' ಎಂಬ ಎರಡು ಪದಗಳನ್ನು ಪರೀಕ್ಷೆಗಾಗಿ ಉರುಹೊಡೆಯುವ ವಿದ್ಯಾರ್ಥಿಗೆ ಈ ಒಗಟಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು.

ಒಗಟನ್ನು ಮೊದಲು ಬಿಡಿಸಿದವರು ಯೋಹಾನ್ ಜೀರ್ಜೋನ್ ಎಂಬ ಪಾದ್ರಿ. ಈಗ ಪೋಲೆಂಡಿಗೆ ಸೇರಿದ, ಆಗ ಪ್ರಷ್ಯಾದ ಆಳ್ವಿಕೆಯಲ್ಲಿದ್ದ ಸೈಲೀಸಿಯ ಪ್ರಾಂತದವರು. ರೆಕ್ಕೆ ಊನವಾಗಿ ಹಾರಲಾರದ ರಾಣಿ ಗಂಡಿನೊಡನೆ ಕೂಡುವುದು ಸಾಧ್ಯವಿಲ್ಲ. ಅಂಥ ರಾಣಿಯೂ ಮೊಟ್ಟೆಯಿಡುತ್ತಾಳೆ, ಆದರೆ ಹುಟ್ಟುವುದೆಲ್ಲ ಗಂಡೇ! ಗಂಡುಜೇನು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ ಎಂದು ಜೀರ್ಜೋನ್ 1845ರಲ್ಲಿ ಪ್ರಕಟಿಸಿದರು. ಬಹಳ ಮಂದಿ ನಂಬಲಿಲ್ಲ. 1853ರಲ್ಲಿ ಅವರು ಇಟಲಿಯ ಹಳದಿ ಜೇನನ್ನು ತರಿಸಿಕೊಂಡರು. ಹಳದಿ ರಾಣಿ ಊರಿನ ಕಪ್ಪು ಗಂಡುಗಳೊಡನೆ ಕೂಡಿದಾಗ ಹೆಣ್ಣುಮಕ್ಕಳು ಮಿಶ್ರ ತಳಿಯವಾದವು. ಗಂಡುಮಕ್ಕಳು ಮಾತ್ರ ಅಪ್ಪಟ ಹಳದಿ. ಕೆಲವೇ ವರ್ಷಗಳಲ್ಲಿ ಕಾರ್ಲ್ ಫಾನ್ ಸೀಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞರು ಸೂಕ್ಷ್ಮದರ್ಶಕದ ಕೆಳಗೆ ಜೇನಿನ ಮೊಟ್ಟೆಗಳನ್ನು ಇಟ್ಟು ನೋಡಿದರು. ಕೆಲಸಗಾರ ಜೇನಾಗುವ ಮೊಟ್ಟೆಗಳಲ್ಲಿ ವೀರ್ಯಾಣು ಕಂಡಿತು, ಗಂಡಾಗುವ ಮೊಟ್ಟೆಗಳಲ್ಲಿ ಕಾಣಲಿಲ್ಲ.

ಈಗ ಜೀವಕೋಶದೊಳಗೆ ಇಣುಕೋಣ. ಜೇನಿನ ವರ್ಣತಂತುಗಳಲ್ಲಿ 16 ಬಗೆ. ಇವನ್ನು 16 ಬೀಗದ ಕೈಗಳ ಗೊಂಚಲು ಎಂದುಕೊಳ್ಳಿ. ರಾಣಿಯಲ್ಲಾಗಲಿ ಕೆಲಸಗಾರ ಹೆಣ್ಣಿನಲ್ಲಾಗಲಿ ಎರಡು ಗೊಂಚಲುಗಳಿರುತ್ತವೆ: ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು, ಒಟ್ಟು 32. ಇದು ದ್ವಿಗುಣಿತ. ಮೊಟ್ಟೆ ತಯಾರಾಗುವಾಗ ಎರಡು ಗೊಂಚಲುಗಳಿಂದಲೂ ಆರಿಸಿ, ಬೀಗಕ್ಕೊಂದರಂತೆ 16 ಕೈಗಳ ಹೊಸ ಗೊಂಚಲು ಕಟ್ಟಲಾಗುತ್ತದೆ. ಈ ವಿಭಜನೆಯೇ ಮಿಯಾಸಿಸ್. ಹೀಗೆ ಒಂದೇ ಗೊಂಚಲುಳ್ಳದ್ದು ಏಕಗುಣಿತ. ರಾಣಿ ತನ್ನ ಮುಂಗಾಲುಗಳಿಂದ ಎರಿಯ ಕೋಣೆಯನ್ನು ಅಳೆದು ನೋಡುತ್ತಾಳೆ. ಸಣ್ಣ ಕೋಣೆಯಾದರೆ ತಾನು ಕೂಡಿಟ್ಟುಕೊಂಡ ವೀರ್ಯವನ್ನು ಮೊಟ್ಟೆಗೆ ಸೇರಿಸುತ್ತಾಳೆ, ಅದು ಹೆಣ್ಣಾಗುತ್ತದೆ. ದೊಡ್ಡ ಕೋಣೆಯಾದರೆ ಸೇರಿಸುವುದಿಲ್ಲ. ಆ ಮೊಟ್ಟೆ ಒಂದೇ ಗೊಂಚಲಿನೊಂದಿಗೆ ಬೆಳೆದು ಗಂಡಾಗುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಏಕಗುಣಿತ ಎಂದರೆ 'ಅರ್ಧ' ಎಂದು ಭಾವಿಸಿ, ಅರ್ಧ ಮಾಹಿತಿಯಲ್ಲಿ ಇಡೀ ಜೀವಿ ಹೇಗೆ ಹುಟ್ಟೀತು ಎಂದು ಕೇಳುತ್ತಾರೆ. ಸಂಖ್ಯೆ ಅರ್ಧ ನಿಜ, ಆದರೆ ಎಲ್ಲ ಬಾಗಿಲುಗಳ ಕೈಗಳೂ ಒಂದೇ ಗೊಂಚಲಿನಲ್ಲಿವೆ. ಏಕಗುಣಿತ ಎಂದರೆ ಅಂಡಾಣು, ವೀರ್ಯಾಣು ಮಾತ್ರ ಎಂಬುದು ಇನ್ನೊಂದು ತಪ್ಪು. ಮನುಷ್ಯನ ಮಟ್ಟಿಗೆ ಅದು ಸರಿ: ದೇಹದ ಕೋಶದಲ್ಲಿ 46, ಅಂಡ-ವೀರ್ಯಗಳಲ್ಲಿ 23. ಆದರೆ ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯನ್ನು ಮುಚ್ಚುವ ಹಸಿರು ಹಾವಸೆ ಏಕಗುಣಿತ. ಗುಂಯ್‌ಗುಟ್ಟುತ್ತ ಹಾರುವ ಗಂಡುಜೇನೂ ಹಾಗೆಯೇ ಜನಿಸಿದ್ದು.

ಗಣಿತಪ್ರಿಯರಿಗೆ ಒಂದು ಕೊಸರು. ಗಂಡುಜೇನಿನ ವಂಶವೃಕ್ಷವನ್ನು ಹಿಂದಕ್ಕೆ ಬರೆಯುತ್ತ ಹೋಗಿ. ಪಾಲಕರು 1, ಅವರ ಹಿಂದೆ 2, ಆಮೇಲೆ 3, 5, 8... ಫಿಬೊನಾಚಿಗಿಂತ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಹೇಳಿದ ಸಂಖ್ಯಾಸರಣಿ ಇದೇ.

ಸರಿ, ಒಂದು ಗೊಂಚಲಿನಿಂದಲೇ ಬದುಕು ಸಾಗುವುದಾದರೆ ಎರಡು ಯಾಕೆ? ಒಂದು ಕೈ ಮುರಿದಿದ್ದರೆ ಇನ್ನೊಂದು ಗೊಂಚಲಿನ ಕೈ ಬಾಗಿಲು ತೆಗೆಯುತ್ತದೆ, ಅದಕ್ಕೆ. ಗಂಡುಜೇನಿಗೆ ಆ ಅನುಕೂಲವಿಲ್ಲ. ಅದರಲ್ಲಿ ದೋಷವಿದ್ದರೆ ಮುಚ್ಚಿಡಲು ಜಾಗವಿಲ್ಲ. ಕೆಂಪು-ಹಸಿರು ಬಣ್ಣಗುರುಡು ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚಾಗಿರುವುದೂ ಇದೇ ಕಾರಣಕ್ಕೆ. ಹುಡುಗರಲ್ಲಿ ಎಕ್ಸ್ ವರ್ಣತಂತು ಒಂದೇ ಇರುತ್ತದೆ.

ಇಷ್ಟಕ್ಕೇ ಪಾಠ ಮುಗಿದಿದ್ದರೆ 'ಎರಡಿದ್ದರೆ ಹೆಣ್ಣು, ಒಂದಿದ್ದರೆ ಗಂಡು' ಎಂದು ಬರೆದು ಅಂಕ ಗಿಟ್ಟಿಸಬಹುದಿತ್ತು. ಆದರೆ 1963ರಲ್ಲಿ ಪೋಲೆಂಡಿನ ಯೆರ್ಜಿ ವೊಯ್ಕೆ ವಿಚಿತ್ರವೊಂದನ್ನು ತೋರಿಸಿದರು. ಒಂದೇ ವಂಶದೊಳಗೆ ಕೂಡಿಸಿದ ರಾಣಿಯ ಎರಿಯಲ್ಲಿ ಎಷ್ಟೋ ಕೋಣೆಗಳು ಖಾಲಿ ಬೀಳುತ್ತವೆ. ಮೊಟ್ಟೆ ಒಡೆಯದೆ ಹೋದದ್ದಲ್ಲ. ಅಲ್ಲಿ ಹುಟ್ಟಿದ್ದು ಎರಡು ಗೊಂಚಲುಗಳುಳ್ಳ ದ್ವಿಗುಣಿತ ಗಂಡುಮರಿಗಳು! ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ಜೇನುಗಳು ಅವನ್ನು ಗುರುತಿಸಿ ತಿಂದುಬಿಡುತ್ತವೆ.

ಇದರ ಗುಟ್ಟು ಬಯಲಾದದ್ದು 2003ರಲ್ಲಿ, ಜರ್ಮನಿಯ ಮಾರ್ಟಿನ್ ಬೇಯ್ ಮತ್ತು ಸಂಗಡಿಗರಿಂದ. ಜೇನಿನ ಲಿಂಗವನ್ನು ನಿರ್ಧರಿಸುವುದು ಒಂದು ಜೀನು. ಅದಕ್ಕೆ ಹಲವು ಪಾಠಾಂತರಗಳಿವೆ. ಎರಡು ಪ್ರತಿಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಹೆಣ್ಣು. ಒಂದೇ ಪ್ರತಿ ಇದ್ದರೆ ಗಂಡು. ಎರಡಿದ್ದೂ ಎರಡೂ ಒಂದೇ ತೆರನಾಗಿದ್ದರೂ ಗಂಡು. ಬೀಗದ ಕೈಯ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಕೈಯನ್ನು ಎರಡು ಸಲ ಅಚ್ಚು ಹೊಯ್ದರೆ ಪ್ರಯೋಜನವಿಲ್ಲ. ಎರಡನೆಯದು ಬೇರೆ ಮನೆಯಿಂದ ಬರಬೇಕು. ಪಠ್ಯಪುಸ್ತಕ ಎಣಿಕೆಯನ್ನು ಚೆನ್ನಾಗಿ ಹೇಳಿಕೊಡುತ್ತದೆ, ಈ ಮಾತನ್ನು ಮಾತ್ರ ಯಾಕೋ ಗಟ್ಟಿಯಾಗಿ ಹೇಳುವುದಿಲ್ಲ.

ಜೇನು ಸಾಕುವವರಿಗೆ ಇದು ಪುಸ್ತಕದ ಬದನೆಕಾಯಿಯಲ್ಲ. ರಾಣಿ ಒಂದೇ ಗಂಡಿನೊಡನೆ ಕೂಡಿ, ಅದರ ಪಾಠಾಂತರ ರಾಣಿಯ ಎರಡರಲ್ಲೊಂದಕ್ಕೆ ಹೊಂದಿಬಿಟ್ಟರೆ ಫಲಿತ ಮೊಟ್ಟೆಗಳಲ್ಲಿ ಅರ್ಧ ನಷ್ಟ. ರಾಣಿ ಹತ್ತು ಗಂಡುಗಳನ್ನು ಕೂಡಿ, ಅವುಗಳಲ್ಲಿ ಒಂದು ಮಾತ್ರ ಹೊಂದಿದರೆ ನಷ್ಟ ನೂರಕ್ಕೆ ಐದು. ರಾಣಿ ಗೂಡಿನಿಂದ ದೂರ ಹಾರಿ, ಆಕಾಶದಲ್ಲಿ ಹಲವು ಗಂಡುಗಳನ್ನು ಕೂಡುವುದು ಇದಕ್ಕೆ ಒಳ್ಳೆಯ ರಕ್ಷಣೆ. ಆದರೆ ಸುತ್ತಮುತ್ತ ಹಾರುವ ಗಂಡುಗಳೆಲ್ಲ ಒಂದೇ ಸಂಸಾರದವಾದರೆ?

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಮೇಲೆರಗಿತು. ಕೊಡಗು, ಮಲೆನಾಡುಗಳಲ್ಲಿ ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ಹೀಗೆ ಗೂಡುಗಳು ಬೆರಳೆಣಿಕೆಗೆ ಇಳಿದ ಕಡೆ, ಉಳಿದ ಒಂದನ್ನೇ ಪಾಲು ಮಾಡಿ ಎರಡು, ಎರಡನ್ನು ನಾಲ್ಕು ಮಾಡುವುದು ಸುಲಭದ ದಾರಿಯಾಗಿ ಕಾಣುತ್ತದೆ. ಪೆಟ್ಟಿಗೆಗಳ ಸಂಖ್ಯೆಯೇನೋ ಏರುತ್ತದೆ. ಆದರೆ ನಾಲ್ಕರ ರಾಣಿಯರೂ ಒಂದೇ ಮನೆತನದವರು, ಅಲ್ಲಿನ ಗಂಡುಗಳೂ ಹತ್ತಿರದ ಬಳಗ.

ಮೇವು ಚೆನ್ನಾಗಿದ್ದು, ರಾಣಿಗೆ ವಯಸ್ಸಾಗಿರದೆ, ರೋಗವೂ ಕಾಣದೆ, ಮರಿಕೋಣೆಗಳ ನಡುವೆ ಹುರಿದಕ್ಕಿ ಚೆಲ್ಲಿದಂತೆ ಖಾಲಿ ಜಾಗಗಳು ಕಂಡರೆ ಈ ನೆಂಟಸ್ತಿಕೆಯನ್ನು ಶಂಕಿಸಬಹುದು. ಪರಿಹಾರ ದುಬಾರಿಯಲ್ಲ. ಗುಡ್ಡದಾಚೆಯ ಊರಿನಿಂದ ಒಂದೆರಡು ಕುಟುಂಬಗಳನ್ನು ಪಾಲಾಗುವ ಕಾಲಕ್ಕೆ ಮುಂಚೆಯೇ ತಂದಿಟ್ಟರೆ ಹೊಸ ರಾಣಿಯರಿಗೆ ಬೇರೆ ವಂಶದ ಗಂಡುಗಳು ಸಿಗುತ್ತವೆ. ತರುವ ಮೊದಲು ಎರಿಯನ್ನು ಎತ್ತಿ ನೋಡಲೇಬೇಕು. ಮರಿಗಳು ನೀರು ತುಂಬಿದ ಚೀಲದಂತಾಗಿ ತಲೆಯೆತ್ತಿ ಸತ್ತಿದ್ದರೆ ಅದು ಸ್ಯಾಕ್‌ಬ್ರೂಡ್. ಆ ಪೆಟ್ಟಿಗೆಯನ್ನು ಮುಟ್ಟದೆ, ಕೈ ತೊಳೆದುಕೊಂಡು ಇನ್ನೊಂದು ಊರನ್ನು ಹುಡುಕುವುದೇ ಸರಿ.