ಕೊಡ್ಲಿಯ ಪಡಸಾಲೆಯಲ್ಲಿ ಸಮುದ್ರ

ಹೋದ ಮಳೆಗಾಲದಲ್ಲಿ ಬಂಧುಗಳ ಮನೆಯ ನಾಮಕರಣಕ್ಕೆಂದು ಕೊಡ್ಲಿಗೆ ಹೋಗಿದ್ದೆ. ಊಟ ಮುಗಿಸಿ, ಪಡಸಾಲೆಯ ತಣ್ಣನೆಯ ಹಾಸುಗಲ್ಲಿನ ಮೇಲೆ ತುಸು ಒರಗಿಕೊಂಡಿದ್ದೆ. ಆ ಮನೆಯ ಹುಡುಗ, ಆರನೆಯ ತರಗತಿಯವನು, ಪುಸ್ತಕ ಹಿಡಿದು ಬಂದು ಸಮುದ್ರದ ಪಾಠವನ್ನು ಒಪ್ಪಿಸತೊಡಗಿದ. ಉಬ್ಬರವೇನು, ಇಳಿತವೇನು, ಒಂದಕ್ಷರವೂ ತಪ್ಪಲಿಲ್ಲ. ನನಗೆ ಸಂತೋಷವಾಯಿತು.

"ಅದಿರಲಿ ಮಗು, ನಿಮ್ಮ ಊರಿಗೂ ಸಮುದ್ರಕ್ಕೂ ಏನು ಸಂಬಂಧ?" ಎಂದು ಕೇಳಿದೆ.

"ಏನೂ ಇಲ್ರಿ. ಸಮುದ್ರ ಮಂಗಳೂರಾಗ ಅದ. ನಮ್ಮಲ್ಲಿ ಬರೀ ಕಲ್ಲು" ಎಂದ.

ಆ ಮಾತನ್ನು ಹೇಳುವಾಗ ಅವನು ನಿಂತಿದ್ದುದು ಸಮುದ್ರದ ತಳದ ಮೇಲೆ ಎಂಬುದು ಪಾಪ, ಅವನಿಗೆ ತಿಳಿದಿರಲಿಲ್ಲ. ತಿಳಿಸಿದವರೂ ಇರಲಿಲ್ಲ.

ನಮ್ಮ ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯನ್ನು ಸಮುದ್ರ ಆವರಿಸಿತ್ತು. ಅದರ ನೀರಿನಲ್ಲಿದ್ದ ಸುಣ್ಣದಂಶ ನವುರಾದ ಕೆಸರಾಗಿ ಪದರದ ಮೇಲೆ ಪದರ ಕುಳಿತು, ಕಾಲಾಂತರದಲ್ಲಿ ಕಲ್ಲಾಯಿತು. ಕಲ್ಲುಕುಟಿಗರು ಉಳಿಯಿಟ್ಟು ಅದನ್ನು ಹಪ್ಪಳದಂತೆ ಬಿಡಿಸಲು ಸಾಧ್ಯವಾಗುವುದು ಈ ಪದರಗಳಿಂದಲೇ. ಆದರೆ ಅದರಲ್ಲಿ ಶಂಖವನ್ನೋ ಮೀನಿನ ಮುಳ್ಳನ್ನೋ ಹುಡುಕಿ ಪ್ರಯೋಜನವಿಲ್ಲ. ಆ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ! ಬಹು ಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನದಲ್ಲಿ ಲಾವಾರಸ ಹರಿದು ಹೆಪ್ಪುಗಟ್ಟಿತು. ಆ ಶಿಲೆ ಸವೆದು ಆದುದೇ ಈಗ ತೊಗರಿ ಬೆಳೆಯುವ ಎರೆಮಣ್ಣು. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಹಗಲಿರುಳು ಅರೆಯುತ್ತಿರುವುದೂ ಆ ಹಳೆಯ ಸಮುದ್ರದ ಸುಣ್ಣವನ್ನೇ.

ಬಾಯಿಮಾತನ್ನು ಹುಡುಗ ನಂಬುವನೇ? ಅಂಗಳದಲ್ಲಿದ್ದ ಮುರುಕು ಕಲ್ಲೊಂದನ್ನು ಕೆರೆದು ಪುಡಿ ಮಾಡಿ, ಅದರ ಮೇಲೆ ನಿಂಬೆಹುಳಿ ಹಿಂಡಿದೆವು. ಬುರುಬುರು ನೊರೆ ಬಂತು. "ಸಮುದ್ರದ ಸುಣ್ಣದಲ್ಲಿ ಅಂದಿನಿಂದ ಸೆರೆಯಾಗಿದ್ದ ಇಂಗಾಲದ ಡೈಆಕ್ಸೈಡು ಈಗ ಬಿಡುಗಡೆ ಹೊಂದುತ್ತಿದೆ" ಎಂದೆ. ಹುಡುಗ ಪುಸ್ತಕವನ್ನು ಕೆಳಗಿಟ್ಟ.

ಅಷ್ಟರಲ್ಲಿ ಮಳೆ ಬಂತು. ಮಾಳಿಗೆಯ ನೀರು ಅಂಗಳಕ್ಕೆ, ಅಂಗಳದ ನೀರು ಬೀದಿಗೆ ಹರಿಯಿತು.

"ಇದು ಎಲ್ಲಿಗೆ ಹೋಗುತ್ತದೆ?"

"ಹಳ್ಳಕ್ಕ."

"ಅಲ್ಲಿಂದ?"

ಹುಡುಗ ತಲೆ ಕೆರೆದುಕೊಂಡ. ಇಬ್ಬರೂ ನಕಾಶೆ ಬಿಡಿಸಿ ಕುಳಿತೆವು. ಈ ಸೀಮೆಯ ಹಳ್ಳಗಳೆಲ್ಲ ಕೊನೆಗೆ ಕಾಗಿಣೆಯನ್ನು ಸೇರುತ್ತವೆ. ಅದೇ ಕಾಗಿಣೆಯ ದಡದ ಮಳಖೇಡದಲ್ಲಿ ರಾಷ್ಟ್ರಕೂಟರು ಆಳಿದರು. ಅವರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ಹೇಳಿದ್ದೂ ಕಾವೇರಿ, ಗೋದಾವರಿ ಎಂಬ ಎರಡು ನದಿಗಳಿಂದಲೇ. ಕಾಗಿಣೆ ಶಹಾಬಾದಿನ ಕಡೆ ಸಾಗಿ ಭೀಮೆಗೆ ಕೂಡುತ್ತದೆ. ಭೀಮೆ ರಾಯಚೂರು ಜಿಲ್ಲೆಯ ಅಂಚಿನಲ್ಲಿ ಕೃಷ್ಣೆಗೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ದಾಟಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ. ಹೀಗೆ ಯಾವ ನೆಲದ ಮೇಲೆ ಬಿದ್ದ ಹನಿಗಳೆಲ್ಲ ಒಂದೇ ನದಿಯನ್ನು ಸೇರುತ್ತವೆಯೋ ಆ ನೆಲಕ್ಕೆ ಜಲಾನಯನ ಪ್ರದೇಶವೆಂದು ಹೆಸರು. ಹುಡುಗನ ಮನೆಯ ಮಾಳಿಗೆಯೂ ಅದರೊಳಗೇ ಇದೆ.

"ಹಂಗಾರ ನಮ್ಮ ಸಮುದ್ರ ಮಂಗಳೂರಿಂದಲ್ಲ!" ಎಂದು ಕೂಗಿದ. ಪುಸ್ತಕದಲ್ಲಿ ಇಲ್ಲದ ಉತ್ತರವನ್ನು ಅವನು ಅಂದು ತಾನೇ ಕಂಡುಕೊಂಡಿದ್ದ.

ಹೋದ ನೀರು ಹಿಂದಿರುಗಿಯೂ ಬರುತ್ತದೆ. 2020ರ ಅಕ್ಟೋಬರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು 13ರಂದು ಕಾಕಿನಾಡದ ಬಳಿ ದಡ ಹತ್ತಿ, ಹೈದರಾಬಾದನ್ನು ಮುಳುಗಿಸಿ, ನಮ್ಮ ಕಡೆಗೂ ಬಂತು. ಕಾಗಿಣೆ, ಭೀಮೆಗಳು ಉಕ್ಕಿ ಹರಿದುದನ್ನು ಆ ಮನೆಯವರೆಲ್ಲ ಬಲ್ಲರು. ಆ ಪ್ರವಾಹ ಸಮುದ್ರದಿಂದ ಬಂದುದೆಂದು ಮಾತ್ರ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಸಮುದ್ರ ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿದು ಬೆಳೆದವರು, ದೂರದ ಕೊಲ್ಲಿಯ ಬಿರುಗಾಳಿಯ ಮುನ್ಸೂಚನೆಯನ್ನು ಕಿವಿಗೆ ಹಾಕಿಕೊಂಡಾರೆಯೇ?

ತಾಯಂದಿರೇ, ಇದನ್ನು ಕಲಿಸಲು ಪ್ರಯೋಗಶಾಲೆ ಬೇಕಿಲ್ಲ. ಎರಡು ಹಳೆಯ ತಟ್ಟೆಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ರಾಗಿಯನ್ನು ಒತ್ತಾಗಿ ಮೊಳೆಯಿಸಿರಿ. ಇನ್ನೊಂದನ್ನು ಬರಿದಾಗಿ ಬಿಡಿರಿ. ಹತ್ತು ದಿನಗಳ ಮೇಲೆ ಎರಡನ್ನೂ ಓರೆಯಾಗಿಟ್ಟು ಚೊಂಬಿನಿಂದ ನೀರು ಹೊಯ್ದರೆ, ಬರಿಯ ತಟ್ಟೆಯಿಂದ ಕೆಸರು ಹರಿಯುತ್ತದೆ. ಹಸುರಿನ ತಟ್ಟೆಯಿಂದ ಬಹುಮಟ್ಟಿಗೆ ತಿಳಿನೀರು ಬರುತ್ತದೆ. ಚಿಂಚೋಳಿಯ ಕಾಡು ಏಕೆ ಬೇಕು, ಹೊಲಕ್ಕೆ ಬದು ಏಕೆ ಬೇಕು ಎಂಬ ಪಾಠ ಅಷ್ಟರಲ್ಲಿಯೇ ಮುಗಿಯಿತು. ಕಲ್ಲುಗಣಿಯ ಹಳೆಯ ಗುಂಡಿಗಳಲ್ಲಿ ನಿಂತ ನೀರನ್ನು ಮಾತ್ರ ದೂರದಿಂದಲೇ ತೋರಿಸಿರಿ. ಅದರ ಆಳ ಮೇಲಿನಿಂದ ಕಾಣದು. ಕಡಿದ ಅಂಚಿನಲ್ಲಿ ಕಾಲಿಗೆ ಆಧಾರವಿರದು. ಈಜಲು ಇಳಿದವರು ಮೇಲೆ ಬರುವುದು ಕಷ್ಟ.

ಹೊರಡುವ ಹೊತ್ತಿಗೆ ಹುಡುಗ ಬಾಗಿಲಲ್ಲಿ ನಿಂತು ಬೀದಿಯ ನೀರನ್ನೇ ನೋಡುತ್ತಿದ್ದ. ನಮ್ಮ ನಾಮಕರಣದ ಊಟದ ಪ್ಲಾಸ್ಟಿಕ್ ಲೋಟಗಳು ಅದರಲ್ಲಿ ತೇಲುತ್ತ ಸಾಗಿದ್ದವು.

"ಇವೂ ಹಂಸಲದೀವಿಗೆ ಹೋಗ್ತಾವೇನ್ರಿ?"

ಕೆಲವು ದಾರಿಯ ಅಣೆಕಟ್ಟುಗಳಲ್ಲಿ ಸಿಕ್ಕಿಕೊಂಡಾವು, ಕೆಲವು ಹೋದಾವು ಎಂದು ಹೇಳಬಹುದಾಗಿತ್ತು. ಆದರೆ ಪಡಸಾಲೆಯಲ್ಲಿದ್ದ ಹಿರಿಯರಾರೂ ಬಾಯಿ ತೆರೆಯಲಿಲ್ಲ. ಲೋಟಗಳನ್ನು ಎಸೆದವರಲ್ಲಿ ನಾನೂ ಒಬ್ಬ. ಕೊನೆಗೆ ಹುಡುಗನೇ ಬುಟ್ಟಿ ಹಿಡಿದು ಮಳೆಗಿಳಿದ. ನಾನು ಪಂಚೆ ಎತ್ತಿ ಕಟ್ಟಿ ಅವನ ಹಿಂದೆ ನಡೆದೆ.